ನಲವತ್ತು ಕಡ್ಡಿಯ ಮುಂದಿನ ಗಾಲಿ

ನಮ್ಮ ಮನೆಯಲ್ಲಿ ಹೊದಿಕೆ ಹೊದ್ದು ಮಲಗುವ ಸೈಕಲ್ಲೊಂದಿತ್ತು. ಜಗಲಿಯ ಮೇಲೆ ಅದನ್ನು ಗೋಡೆಗೆ ತಾಗದ ಹಾಗೆ ಸ್ಟ್ಯಾಂಡ್ ಹಾಕಿ ನೆಟ್ಟಗೆ ನಿಲ್ಲಿಸಿ, ಮಗ್ಗದ ಮೇಲೆ ಧೂಳು ಕೂರದಂತೆ ಮುಚ್ಚುವ ಬಿಳಿ ದುಪ್ಪಟಿಯನ್ನು ಅಪ್ಪ ತನ್ನ ಕೈಯಾರೆ ಹೊದಿಸುತ್ತಿದ್ದ. ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡು ನಾನೂ ರಂಗಣ್ಣನೂ ಮಲಗುತ್ತಿದ್ದೆವು. ನಮ್ಮಿಬ್ಬರಿಗೂ ಸೇರಿ ಒಂದು ಕಂಬಳಿ. ಬೆಳಗಾಗುವಷ್ಟರಲ್ಲಿ ಕಂಬಳಿ ಪೂರ್ತಿ ರಂಗಣ್ಣನ ಮೈಮೇಲಿರುತ್ತಿತ್ತು, ದುಪ್ಪಟಿ ಪೂರ್ತಿ ರಂಗಣ್ಣನ ಸೈಕಲ್ಲಿನ ಮೇಲಿರುತ್ತಿತ್ತು, ನನ್ನ ಮೈಮೇಲೆ ಕೊಳ್ಳೇಗಾಲದ ಸೊಳ್ಳೆಗಳಿರುತ್ತಿದ್ದವು. ನನ್ನ ಬಾಲ್ಯವನ್ನು ಇಷ್ಟರಲ್ಲೇ ಹೇಳಿ ಮುಗಿಸಬಹುದು. ಆದರೆ ಹೊಟ್ಟೆಕಿಚ್ಚನ್ನು ಇಷ್ಟು ಚಿಕ್ಕದಾಗಿ ಹೇಳಿ ಬಿಟ್ಟರೆ ಅದಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. ಅಷ್ಟು ವರ್ಷ ಅದನ್ನು ಚೆನ್ನಾಗಿ ಸಾಕಿಕೊಂಡು ಬಂದವನು ನಾನು.

ರಂಗಣ್ಣ ನನ್ನ ದೊಡ್ಡಪ್ಪನ ಮಗ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಅವನ ತಾಯಿ, ನನ್ನ ದೊಡ್ಡವ್ವ, ಯಳಂದೂರಿನವಳು. ಬಿಳಿಗಿರಿರಂಗನ ಬೆಟ್ಟ ಕಣ್ಣಿಗೆ ಕಾಣುವ ಊರು, ಅದಕ್ಕೇ ಮಗನಿಗೆ ಆ ಹೆಸರು. ನನ್ನವ್ವ ಹನೂರಿನವಳು, ಮಾದಪ್ಪನ ಬೆಟ್ಟದ ದಾರಿಯವಳು, ಹಾಗಾಗಿ ನಾನು ಮಾದೇಶ. ಹೀಗೆ ಹೆಸರಿನಲ್ಲಿ ಇಬ್ಬರಿಗೂ ಒಂದೊಂದು ಬೆಟ್ಟ ಸಮನಾಗಿ ಸಿಕ್ಕಿತ್ತು. ಮಿಕ್ಕ ಯಾವುದರಲ್ಲೂ ಸಮ ಇರಲಿಲ್ಲ. ರಜೆ ಬಂದರೆ ಅವನು ಯಳಂದೂರಿಗೆ ಹೋಗಿ ನಾಲೆಯಲ್ಲಿ ಈಜಿ, ಎಳನೀರು ಕುಡಿದು, ಕೆನ್ನೆ ತುಂಬಿಕೊಂಡು ಬರುತ್ತಿದ್ದ. ನಾನು ಹನೂರಿಗೆ ಹೋಗಿ ಮಾವನ ಹೊಲದಲ್ಲಿ ಹುರುಳಿ ಬಡಿದು, ಇನ್ನೊಂದಿಷ್ಟು ಕಪ್ಪಗಾಗಿ ಬರುತ್ತಿದ್ದೆ. ಬಂದ ಮೇಲೆ ದೊಡ್ಡವ್ವ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿ ನಗುತ್ತಿದ್ದಳು. ಅವಳ ನಗು ಒಳ್ಳೆಯದೇ, ನನಗೆ ಮಾತ್ರ ಅದು ಮೈಗೆ ಚುಚ್ಚುತ್ತಿತ್ತು.

ದೊಡ್ಡಪ್ಪ ಜ್ವರ ಬಂದು ತೀರಿಕೊಂಡಾಗ ನಾನು ಇನ್ನೂ ಚಿಕ್ಕವನು. ಅವನ ಮುಖ ನೆನಪಿಲ್ಲ. ಅವನ ಸೈಕಲ್ಲಿನ ಸದ್ದು ನೆನಪಿದೆ. ಎಲ್ಲೋ ಬಿದ್ದು ಅದರ ಚೈನ್ ಕವರು ಒಂದು ಕಡೆ ತಗ್ಗಾಗಿತ್ತು. ಪೆಡಲ್ ಒಂದು ಸುತ್ತು ಬಂದಾಗಲೆಲ್ಲ ಟಕ್ ಅನ್ನುತ್ತಿತ್ತು. ನೇಯ್ದು ಮುಗಿದ ಸೀರೆಗಳನ್ನು ಹ್ಯಾಂಡಲ್ಲಿಗೆ ಕಟ್ಟಿಕೊಂಡು, ಅಪ್ಪನನ್ನು ಹಿಂದೆ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ದೊಡ್ಡಪ್ಪ ಅಂಗಡಿ ಬೀದಿಗೆ ಹೋಗಿಬರುತ್ತಿದ್ದ. ಅಪ್ಪನಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಅಣ್ಣ ತುಳಿಯುವಾಗ ನಾನ್ಯಾಕೆ ಕಲೀಬೇಕು ಅನ್ನುತ್ತಿದ್ದನಂತೆ. ಬೀದಿ ತಿರುವಿನಲ್ಲಿ ಟಕ್, ಟಕ್ ಕೇಳಿಸಿದರೆ ಒಲೆ ಮುಂದೆ ಕೂತಿದ್ದ ದೊಡ್ಡವ್ವ ಎದ್ದು ಚೊಂಬಿನಲ್ಲಿ ನೀರು ತಂದು ಜಗಲಿಯ ಅಂಚಿಗೆ ಇಡುತ್ತಿದ್ದಳು. ಅವರಿಬ್ಬರೂ ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ತಟ್ಟೆ ಹಾಕಿರುತ್ತಿತ್ತು. ದೊಡ್ಡಪ್ಪ ಹೋದ ಮೇಲೆ ಆ ಸೈಕಲ್ಲು ಬಹಳ ಕಾಲ ಹಿತ್ತಲಿನಲ್ಲಿ ನಿಂತೇ ಇತ್ತು.

ನಮ್ಮ ಮನೆಯಲ್ಲಿ ಒಳ್ಳೆಯ ಬೆಳಕೆಲ್ಲ ಮಗ್ಗಕ್ಕೆ. ನಡುಮನೆಯ ಕಿಟಕಿಯ ಪಕ್ಕದಲ್ಲಿ ಗುಂಡಿ ತೋಡಿ ಮಗ್ಗ ಹೂಡಿದ್ದರು. ಉಳಿದವರು ಅದರ ಸುತ್ತ ಮೈ ಓರೆ ಮಾಡಿಕೊಂಡು ಓಡಾಡಬೇಕು. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಇರುವ ರೇಷ್ಮೆ ಸೀರೆಗೆ ಮೂರು ಲಾಳಿ ಬೇಕು. ಒಡಲಿಗೆ ಒಂದು, ಎರಡು ಕಡೆಯ ಅಂಚಿಗೆ ಒಂದೊಂದು. ಒಬ್ಬನಿಂದ ಆಗುವ ಕೆಲಸವಲ್ಲ, ಪಕ್ಕದಲ್ಲಿ ಇನ್ನೊಬ್ಬ ಕೂತು ಆ ಬದಿಯ ಲಾಳಿ ಎಸೆಯಬೇಕು. ಅಣ್ಣ ತಮ್ಮ ಒಂದೇ ಹಲಗೆಯ ಮೇಲೆ ಕೂತು ಹಾಗೆ ನೇಯುತ್ತಿದ್ದರು. ಅಣ್ಣ ಹೋದ ಮೇಲೆ ಅಪ್ಪ ಇನ್ನೊಬ್ಬರನ್ನು ಆ ಜಾಗದಲ್ಲಿ ಕೂರಿಸಲಿಲ್ಲ. ಒಂದೇ ಲಾಳಿಯ ಸೀರೆ ಹಿಡಿದ. ಕೂರುವುದು ಮಾತ್ರ ಹಲಗೆಯ ತನ್ನ ಅರ್ಧದಲ್ಲೇ. ಇನ್ನರ್ಧದ ಮೇಲೆ ಕಾಲಿಟ್ಟು ನಾನು ಕಿಟಕಿ ಹತ್ತಲು ಹೋದರೆ ಬೆನ್ನಿಗೆ ಏಟು ಬೀಳುತ್ತಿತ್ತು. ರಂಗಣ್ಣ ಕೂತರೆ ಏನೂ ಅನ್ನುತ್ತಿರಲಿಲ್ಲ.

ಆಗಿನಿಂದಲೇ ಅಪ್ಪನಿಗೆ ಜೊತೆಯ ಹುಚ್ಚು ಹಿಡಿದದ್ದು. ಒಂಟಿ ಬಡಿಸಬಾರದು ಅನ್ನುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಒಂದು ಮುದ್ದೆ ಇಟ್ಟರೆ ಪಕ್ಕದಲ್ಲಿ ಚಿಟಿಕೆಯಷ್ಟಾದರೂ ಇನ್ನೊಂದು ಇಡಬೇಕು, ಒಂದು ಇಡ್ಲಿ ಹಾಕಿದರೆ ಇನ್ನೊಂದರ ಚೂರಾದರೂ ಹಾಕಬೇಕು. ನಮ್ಮ ಮನೆಯಲ್ಲಿ ಇದು ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ಸಲ ಅವ್ವ ಬಡಿಸುತ್ತಾ, ಅಭ್ಯಾಸಬಲದಿಂದ, ಒಂಟಿ ಆಯ್ತಲ್ಲ ಅಂದದ್ದಕ್ಕೆ ದೊಡ್ಡವ್ವ ತಟ್ಟೆ ಬಿಟ್ಟು ಎದ್ದು ಹಿತ್ತಲಿಗೆ ಹೋಗಿದ್ದಳು. ಅವತ್ತಿನಿಂದ ಆ ಮಾತನ್ನೇ ಅಪ್ಪ ಮನೆಯಲ್ಲಿ ಆಡಗೊಡಲಿಲ್ಲ. ಒಂಟಿ ಚಪ್ಪಲಿ, ಒಂಟಿ ಬಳೆ, ಒಂಟಿ ಎತ್ತು, ಏನೇ ಇರಲಿ, ಅದನ್ನು 'ಜೊತೆ ತಪ್ಪಿದ್ದು' ಅನ್ನಬೇಕು. ನಾನು ಶಾಲೆಯಲ್ಲಿ ಒಂಟಿಸಲಗ ಅನ್ನುವ ಮಾತನ್ನು ಓದುವಾಗಲೂ ಬಾಯಿ ತಡವರಿಸಿ ಮೇಷ್ಟ್ರ ಕೈಯಲ್ಲಿ ಬೈಸಿಕೊಂಡೆ. ಆನೆಯನ್ನು ಜೊತೆ ತಪ್ಪಿದ ಸಲಗ ಅಂತ ಓದಿದ ಹುಡುಗ ಜಿಲ್ಲೆಯಲ್ಲೇ ನಾನೊಬ್ಬನಿರಬೇಕು.

ರಂಗಣ್ಣ ಹೈಸ್ಕೂಲಿಗೆ ಸೇರಿದಾಗ ಅಪ್ಪ ಹಿತ್ತಲಿನಿಂದ ದೊಡ್ಡಪ್ಪನ ಸೈಕಲ್ ತಂದು, ತೊಳೆದು, ಪಳನಿಯಣ್ಣನ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದ. ಮುಂದಿನ ಟೈರು ಮಳೆ ಬಿಸಿಲಿಗೆ ಬಿರುಕು ಬಿಟ್ಟಿತ್ತು, ಹೊಸದು ಹಾಕಿದರು. ಅಲ್ಲಿಗೆ ಮುಗಿಯಬೇಕಿತ್ತು. ಅಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಮಗ್ಗದಿಂದ ಇಳಿಸಿದ ಸೀರೆಯನ್ನು ನೋಡುವಂತೆ ಕತ್ತು ವಾಲಿಸಿ ನೋಡಿದ.

"ಪಳನಿ, ಇದೆಂಗಾಯ್ತದೆ? ಮುಂದ್ಲುದು ಒಸದು, ಇಂದ್ಲುದು ಅಳೇದು. ಒಂದ್ ಅಂಚು ಅಂಗೆ, ಒಂದ್ ಅಂಚು ಇಂಗೆ ಇರೋ ಸೀರೇನ ಯಾರಾರ ಉಡ್ತಾರ?"

"ಸೀರೆ ಅಲ್ಲ ಸಾಮಿ ಇದು, ಸೈಕಲ್ಲು. ಇಂದ್ಲ ಟೈರು ಇನ್ನೊಂದ್ ವರ್ಸ ಬತ್ತದೆ."

"ಬರ್ಲಿ ಬುಡು. ಅದ್ನೂ ಬದ್ಲಾಯ್ಸು."

ಅಲ್ಲಿಂದ ಶುರುವಾಯಿತು. ಟೈರು ಹೊಸದಾದ ಮೇಲೆ ರಿಮ್ಮಿನ ತುಕ್ಕು ಎದ್ದು ಕಂಡಿತು. ಎರಡೂ ರಿಮ್ಮು ಬೆಳ್ಳಿಯಂತೆ ಹೊಳೆಯತೊಡಗಿದ ಮೇಲೆ ಮಡ್ಗಾರ್ಡು ಮಂಕಾಗಿ ಕಂಡಿತು. ಮಡ್ಗಾರ್ಡಿಗೆ ಹ್ಯಾಂಡಲ್ ಹೊಂದಲಿಲ್ಲ, ಹ್ಯಾಂಡಲ್ಲಿಗೆ ಬೆಲ್ಲು ಹೊಂದಲಿಲ್ಲ. ಎಡಗಡೆ ಪೆಡಲ್ಲಿನ ರಬ್ಬರ್ ಸವೆದರೆ ಬಲಗಡೆಯದೂ ಹೋಗಬೇಕು. ಬ್ರೇಕಿನ ಒಂದು ರಬ್ಬರ್ ತುಂಡು ಬದಲಾದರೆ ನಾಲ್ಕೂ ಬದಲಾಗಬೇಕು. ಹೊಸದೊಂದು ಬಂದರೆ ಹಳೆಯವೆಲ್ಲ ಅದರ ಮುಂದೆ ತಪ್ಪಿತಸ್ಥರಂತೆ ನಿಲ್ಲುತ್ತಿದ್ದವು. ಅಪ್ಪ ಹಬ್ಬಕ್ಕೂ ತನಗೊಂದು ಪಂಚೆ ತಂದುಕೊಂಡವನಲ್ಲ. ಆದರೆ ನೇಯ್ದ ಸೀರೆ ಅಂಗಡಿಗೆ ಕೊಟ್ಟು ಬರುವಾಗ ಅವನ ಕೈಯಲ್ಲಿ ಕಾಗದ ಸುತ್ತಿದ ಪೊಟ್ಟಣ ಕಂಡರೆ, ಅದರೊಳಗೆ ನನಗೆ ತಿನ್ನಲು ಏನಾದರೂ ಇದ್ದೀತೆಂದು ನಾನು ಓಡಿಹೋಗುತ್ತಿದ್ದೆ. ಬಿಚ್ಚಿದರೆ ಡೈನಮೋ. ಇನ್ನೊಮ್ಮೆ ಬಿಚ್ಚಿದರೆ ಹ್ಯಾಂಡಲ್ ಗ್ರಿಪ್ಪು, ಅದರ ತುದಿಗೆ ರೇಷ್ಮೆ ಕುಚ್ಚಿನಂತೆ ಜೋತಾಡುವ ಬಣ್ಣಬಣ್ಣದ ಎಳೆಗಳು. ಈಗಲೂ, ಯಾವುದಾದರೂ ಪುಟ್ಟ ಹುಡುಗಿಯ ಸೈಕಲ್ಲಿನಲ್ಲಿ ಅಂಥದ್ದು ಕಂಡರೆ, ನಾನು ಮುಖ ತಿರುಗಿಸಿಕೊಳ್ಳುತ್ತೇನೆ.

ಬಿಚ್ಚಿದ ಸಾಮಾನನ್ನು ಅಪ್ಪ ಎಸೆಯುತ್ತಿರಲಿಲ್ಲ, ಮಾರುತ್ತಲೂ ಇರಲಿಲ್ಲ. ಒರೆಸಿ, ಎಣ್ಣೆ ಸವರಿ, ಗೋಣಿಚೀಲದಲ್ಲಿ ತುಂಬಿ ಅಟ್ಟದ ಮೇಲಿಡುತ್ತಿದ್ದ. ನಾನು ಸೈಕಲ್ ಬೇಕೆಂದು ಹಟ ಹಿಡಿದಾಗಲೆಲ್ಲ ಅಟ್ಟದ ಕಡೆ ಕೈ ತೋರಿಸಿ, ತಡೀಲಾ, ನಿಂಗೂ ಅಲ್ಲಿ ಬೆಳೀತಾ ಅದೆ ಅನ್ನುತ್ತಿದ್ದ. ಅಟ್ಟದ ಮೇಲೆ ಬೆಳೆಯುವುದು ಇಲಿ ಮಾತ್ರ ಎಂದು ನನಗೆ ಗೊತ್ತಿತ್ತು. ರಂಗಣ್ಣ ಶಾಲೆಗೆ ಹೋಗುವಾಗ ಬೀದಿಯ ಹುಡುಗರೆಲ್ಲ ಆ ಬೆಳ್ಳಿ ಗಾಲಿಗಳನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅವನಿಗೇ ಅದರ ಮೇಲೆ ಅಂಥ ಆಸೆ ಇದ್ದಂತೆ ಕಾಣುತ್ತಿರಲಿಲ್ಲ. ಹೊಸದೇನಾದರೂ ಹಾಕಿಸಿದ ದಿನ ಒಂದು ಮಾತೂ ಆಡದೆ ಉಂಡು ಮಲಗುತ್ತಿದ್ದ. ಕೊಬ್ಬು ಎಂದುಕೊಳ್ಳುತ್ತಿದ್ದೆ. ಸಿಕ್ಕವನಿಗೆ ಬೆಲೆ ಇಲ್ಲ, ಬೆಲೆ ಗೊತ್ತಿದ್ದವನಿಗೆ ಸಿಗುತ್ತಿಲ್ಲ ಎಂದು ಒಳಗೇ ಕುದಿಯುತ್ತಿದ್ದೆ.

ಅವ್ವನೂ ಕುದಿಯುತ್ತಿದ್ದಳು ಎನ್ನುವುದು ಒಂದು ಸಂಜೆ ಗೊತ್ತಾಯಿತು. ಅಪ್ಪ ಹೊಸ ಸೀಟು ತಂದು ಒಲೆಯ ಬೆಳಕಿಗೆ ಹಿಡಿದು ನೋಡುತ್ತಿದ್ದ. ಅವ್ವ ಮುದ್ದೆ ತಿರುವುತ್ತಿದ್ದವಳು ಕೋಲು ಬಿಡದೆ ಮಾತು ಶುರು ಮಾಡಿದಳು.

"ನಿಮ್ಮಣ್ಣನ ಮಗೀಗೆ ಕೂರಕ್ಕೆ ಮೆತ್ತನೆ ಸೀಟು. ನನ್ನ ಮಗ ಇಸ್ಕೂಲ್ಗೆ ನಡ್ಕಂಡ್ ಓಯ್ತಾನೆ, ಅದು ಕಣ್ಗೆ ಕಾಣ್ನಿಲ್ವಾ?"

"ಮೆಲ್ಲಗ್ ಮಾತಾಡಮ್ಮೀ. ಅತ್ಗೆಮ್ಮ ಹಿತ್ಲಲ್ಲವ್ರೆ."

"ಕೇಳ್ಲಿ. ಅಕ್ಕನ ಮೇಲೆ ನಂಗೇನೂ ಇಲ್ಲ. ಒಂದ್ ಕಣ್ಗೆ ಬೆಣ್ಣೆ, ಒಂದ್ ಕಣ್ಗೆ ಸುಣ್ಣ ಮಾಡ್ತಿರೋದು ನೀವು. ಜೊತೆ ಜೊತೆ ಅಂತೀರಲ್ಲ, ಈ ಎರಡ್ ಮಕ್ಕಳು ಜೊತೆ ಅಲ್ವಾ?"

ಅಪ್ಪ ಸೀಟನ್ನು ಮತ್ತೆ ಕಾಗದದಲ್ಲಿ ಸುತ್ತಿದ. ಹಿತ್ತಲ ಬಾಗಿಲಲ್ಲಿ ದೊಡ್ಡವ್ವ ತೊಳೆದ ತಟ್ಟೆಗಳನ್ನು ಹಿಡಿದುಕೊಂಡು ನಿಂತಿದ್ದಳು. ಅವತ್ತು ಎಲ್ಲರೂ ತಲೆ ತಗ್ಗಿಸಿಕೊಂಡು ಉಂಡೆವು. ನನ್ನ ಪರವಾಗಿ ಯಾರೋ ಜಗಳವಾಡಿದರಲ್ಲ ಎಂಬ ಖುಷಿಗೆ ನಾನು ಮಾತ್ರ ಇನ್ನೊಂದು ತುಣುಕು ಮುದ್ದೆ ಕೇಳಿ ಹಾಕಿಸಿಕೊಂಡೆ.

ಇನ್ನು ಗಾಲಿಯ ಪ್ರಸಂಗ. ಒಂದು ಭಾನುವಾರ ಅಪ್ಪ ಜಗಲಿಯ ಮೇಲೆ ಕೂತು ರಂಗಣ್ಣನ ಸೈಕಲ್ಲಿನ ಗಾಲಿಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದ. ನೇಕಾರನ ಕೈ ಸುಮ್ಮನಿರುವುದಿಲ್ಲ, ಎಳೆ ಕಂಡರೆ ಎಣಿಸುತ್ತದೆ. ಹೆಬ್ಬೆರಳಿನಿಂದ ಒಂದೊಂದೇ ಕಡ್ಡಿಯನ್ನು ಮೀಟುತ್ತಾ ಎಣಿಸಿದ. ಹಿಂದಿನ ಗಾಲಿಗೆ ನಲವತ್ತು. ಮುಂದಿನದಕ್ಕೆ ಬಂದ, ಮೂವತ್ತೆರಡು. ಮತ್ತೆ ಎಣಿಸಿದ. ಮುಖ ಕೆಂಪಾಯಿತು. ಎಷ್ಟೋ ವರ್ಷಗಳಿಂದ ತಮಗೆಲ್ಲ ಯಾರೋ ಮೋಸ ಮಾಡಿಕೊಂಡು ಬಂದಿದ್ದಾರೆ ಎಂಬಂತೆ ಸೈಕಲ್ಲನ್ನು ತಳ್ಳಿಕೊಂಡು ಹೊರಟ. ತಮಾಷೆ ನೋಡಲು ನಾನೂ ಹಿಂದೆಯೇ ಹೋದೆ.

"ಪಳನಿ, ಎಂಟ್ ಕಡ್ಡಿ ಏನ್ಮಾಡ್ದೆ?"

ಪಳನಿಯಣ್ಣ ಪಂಕ್ಚರ್ ಬಾನಿಯಿಂದ ತಲೆ ಎತ್ತಿದ. "ಯಾವ ಎಂಟ್ ಕಡ್ಡಿ?"

"ಇಂದಕ್ಕೆ ನಲವತ್ತು, ಮುಂದಕ್ಕೆ ಮೂವತ್ತೆರಡು. ಅಂಚಲ್ಲಿ ಎಂಟ್ ಎಳೆ ಕಮ್ಮಿ ಆದ್ರೆ ನಾನು ಆ ಸೀರೇನ ಅಂಗ್ಡಿ ಮೆಟ್ಲು ಅತ್ತಿಸ್ತೀನಾ?"

"ಅಯ್ಯೋ ನನ್ನಪ್ಪಾ. ಎಲ್ಲಾ ಸೈಕಲ್ಲೂ ಅಂಗೇ ಸಾಮಿ. ಭಾರ ಬೀಳೋದು ಇಂದಕ್ಕೆ, ಅದ್ಕೆ ಇಂದ್ಲುದುಕ್ಕೆ ಜಾಸ್ತಿ. ಬೇಕಾದ್ರೆ ಓಗಿ ಇಡೀ ಕೊಳ್ಳೇಗಾಲದ ಸೈಕಲ್ಲೆಲ್ಲ ಎಣಿಸ್ಕ ಬನ್ನಿ."

ಅಪ್ಪ ನಿಜವಾಗಿಯೂ ಎಣಿಸಿದ. ಬಸ್ ಸ್ಟ್ಯಾಂಡಿನ ಮುಂದೆ ನಿಲ್ಲಿಸಿದ್ದ ಸೈಕಲ್ಲುಗಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಮೀಟುತ್ತಾ ಹೋದ. ಯಾರೋ ಗಾಳಿ ಬಿಡುವ ಕಳ್ಳನೆಂದು ತಿಳಿದು ಗದರಿದರು. ನಾನು ನಾಚಿಕೆಯಿಂದ ಕಂಬದ ಹಿಂದೆ ಅವಿತುಕೊಂಡೆ. ಎಲ್ಲವೂ ಪಳನಿಯಣ್ಣ ಹೇಳಿದಂತೆಯೇ ಇದ್ದವು. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಬಿಡುತ್ತಿದ್ದರು. ಅಪ್ಪ ವಾಪಸು ಬಂದು, ಹಾಗಾದರೆ ಎಲ್ಲರೂ ತಪ್ಪು ಮಾಡಿಕೊಂಡು ಕೂತವ್ರೆ, ನಂಗೆ ಎರಡಕ್ಕೂ ನಲವತ್ತು ಬೇಕು ಅಂದ. ಪಳನಿಯಣ್ಣ ತಲೆ ಚಚ್ಚಿಕೊಂಡ. ಕೊನೆಗೆ ಮೈಸೂರಿಗೆ ಹೋಗುವವರ ಕೈಯಲ್ಲಿ ಹೇಳಿಕಳಿಸಿ, ಸಾಮಾನು ಸಾಗಿಸುವ ಮೂರು ಗಾಲಿ ಸೈಕಲ್ಲಿಗೆ ಹಾಕುವ ನಲವತ್ತು ತೂತಿನ ಹಬ್ಬು, ಅಂದರೆ ಗಾಲಿಯ ನಡುವಿನ ಗುಂಬ, ತರಿಸಿ, ಅದಕ್ಕೊಂದು ಹೊಳೆಯುವ ರಿಮ್ಮು ಹೊಂದಿಸಿ, ಬೈದುಕೊಂಡು ಬೈದುಕೊಂಡು ಗಾಲಿ ಕಟ್ಟಿ ಬೆಂಡು ತೆಗೆದುಕೊಟ್ಟ. ಅಪ್ಪ ಅದರ ಕಡ್ಡಿಗಳನ್ನು ಎಣಿಸಿದ ಮೇಲೆಯೇ ಮನೆಗೆ ತಂದದ್ದು. ರಂಗಣ್ಣನಿಗಾಗಿ ಲೋಕದ ಸೈಕಲ್ಲುಗಳನ್ನೆಲ್ಲ ತಪ್ಪು ಎನ್ನಲು ತಯಾರಿದ್ದ ಈ ಮನುಷ್ಯ, ನನ್ನ ಅಂಗಿಗೆ ಎರಡು ಬಗೆಯ ಗುಂಡಿ ಇದ್ದದ್ದನ್ನು ಒಂದು ದಿನವೂ ನೋಡಿರಲಿಲ್ಲ.

ನನಗೆ ಸೈಕಲ್ ಬಂದದ್ದು ನಾನು ಹೈಸ್ಕೂಲಿಗೆ ಕಾಲಿಟ್ಟ ಮೇಲೆ. ಬಂತು ಅನ್ನುವುದಕ್ಕಿಂತ ಅಟ್ಟದಿಂದ ಇಳಿಯಿತು ಅನ್ನಬೇಕು. ಹನೂರಿನ ಮಾವ ಎಲ್ಲೋ ಬಿದ್ದಿದ್ದ ಒಂದು ಫ್ರೇಮನ್ನು ಬಸ್ಸಿನ ಮೇಲೆ ಹಾಕಿ ಕಳಿಸಿದ. ಮಿಕ್ಕದ್ದೆಲ್ಲ ಗೋಣಿಚೀಲದಿಂದ. ತುಕ್ಕಿನ ರಿಮ್ಮು, ಮಂಕು ಮಡ್ಗಾರ್ಡು, ಸ್ಪ್ರಿಂಗ್ ಎದ್ದ ಸೀಟು, ತಗ್ಗುಬಿದ್ದ ಚೈನ್ ಕವರು. ಮಾವನ ಫ್ರೇಮಿಗೆ ಆ ಕವರು ಕೂರದೆ ತಂತಿಯಲ್ಲಿ ಬಿಗಿದು ಕಟ್ಟಿದ್ದರು. ಮುಂದಿನ ಗಾಲಿಗೆ ಮೂವತ್ತೆರಡೇ ಕಡ್ಡಿ. ಅಪ್ಪ ಅದನ್ನು ಎಣಿಸಲಿಲ್ಲ. ರಂಗಣ್ಣ ಬಿಟ್ಟ ಅಂಗಿ, ರಂಗಣ್ಣ ಓದಿ ಬಿಟ್ಟ ಪುಸ್ತಕ, ಈಗ ರಂಗಣ್ಣನ ಸೈಕಲ್ಲು ಬಿಟ್ಟ ಸೈಕಲ್ಲು. ಮೊದಲ ದಿನ ಶಾಲೆಯಲ್ಲಿ ಹುಡುಗರು ಅದನ್ನು ಗುಜರಿ ಅಂದರು. ನಾನು ಅದನ್ನು ಬೇಲಿಗೆ ಒರಗಿಸಿ, ಯಾರಾದರೂ ಕದ್ದುಕೊಂಡು ಹೋಗಲಿ ಎಂದು ಬೀಗ ಹಾಕದೆ ಬಿಡುತ್ತಿದ್ದೆ. ಕಳ್ಳರಿಗೂ ಅದು ಬೇಡವಾಗಿತ್ತು.

ಇಷ್ಟಾದರೂ ರಂಗಣ್ಣನ ಸೈಕಲ್ಲಿನಲ್ಲಿ ದೊಡ್ಡಪ್ಪನದು ಎನ್ನುವ ಒಂದು ವಸ್ತು ಉಳಿದಿತ್ತು, ಫ್ರೇಮು. ಅವನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಅದರಲ್ಲಿ ಪೆಡಲ್ಲಿನ ಹತ್ತಿರ ಒಂದು ಬಿರುಕು ಕಾಣಿಸಿತು. ವೆಲ್ಡಿಂಗ್ ಮಾಡಿದರೆ ಇನ್ನೂ ಹತ್ತು ವರ್ಷ ಬರುತ್ತದೆ ಎಂದು ಪಳನಿಯಣ್ಣ ಹೇಳಿದರೂ, ತೇಪೆ ಹಾಕಿದ್ದನ್ನು ಮಗು ಕಾಲೇಜಿಗೆ ತಗೊಂಡು ಹೋಗೋದಾ ಅಂದು ಅಪ್ಪ ಕಡುನೀಲಿಯ ಹೊಸ ಫ್ರೇಮು ಹಾಕಿಸಿದ. ಹಳೆಯದಕ್ಕೆ ತೇಪೆ ಹಾಕಿ ನನಗೆ ಕೊಟ್ಟ. ಮಾವನ ಫ್ರೇಮು ಹನೂರಿಗೆ ವಾಪಸು ಹೋಗಿ ಅವರೆ ಬಳ್ಳಿಗೆ ಆಸರೆಯಾಯಿತು. ತೇಪೆ ಕೂಡ ನನ್ನ ಪಾಲಿಗೇ ಬಂತಲ್ಲ ಎಂದು ನಾನು ಅವತ್ತು ಊಟ ಬಿಟ್ಟೆ. ಯಾರೂ ಅಷ್ಟಾಗಿ ಕರೆಯಲಿಲ್ಲ.

ಮಾರನೆಯ ದಿನ ಸಂಜೆ ಶಾಲೆಯಿಂದ ಬರುತ್ತಿದ್ದೆ. ಹಳೆಯ ಫ್ರೇಮಿಗೆ ಹಳೆಯ ಚೈನ್ ಕವರು ತನ್ನ ಜಾಗದಲ್ಲಿ ಸರಿಯಾಗಿ ಕೂತಿತ್ತು. ತಂತಿ ಬೇಕಿರಲಿಲ್ಲ. ಬೀದಿ ತಿರುಗುತ್ತಲೇ ಅದು ಬಾಯಿ ಬಿಟ್ಟಿತು. ಟಕ್. ಟಕ್. ನನಗೆ ಸಿಟ್ಟು ಬಂದು ಇನ್ನೂ ಜೋರಾಗಿ ತುಳಿದೆ. ಮನೆ ಮುಂದೆ ಬಂದು ಇಳಿದಾಗ ದೊಡ್ಡವ್ವ ಬಾಗಿಲಲ್ಲಿ ಬಗ್ಗಿ, ಜಗಲಿಯ ಅಂಚಿಗೆ ಚೊಂಬು ಇಡುತ್ತಿದ್ದಳು. ಇಟ್ಟ ಮೇಲೆ ತಲೆ ಎತ್ತಿದಳು. ನನ್ನನ್ನು ನೋಡಿದಳು. ಚೊಂಬಿನ ಮೇಲಿಂದ ಕೈ ತೆಗೆಯಲಿಲ್ಲ. ಒಳಗೆ ಮಗ್ಗದ ಸದ್ದು ನಿಂತುಹೋಗಿತ್ತು. ಆಮೇಲೆ ಚೊಂಬನ್ನು ನನ್ನ ಕಡೆಗೆ ಸರಿಸಿದಳು.

"ಕಾಲ್ ತೊಳ್ಕ ಬಾ ಮಗ."

ನಾನು ಕಾಲು ತೊಳೆದುಕೊಂಡೆ. ಆ ಮನೆಯಲ್ಲಿ ನಾನು ಬಂದೆ ಎಂದು ಯಾರಾದರೂ ಎದ್ದು ಬಂದದ್ದು ಅದೇ ಮೊದಲು. ಮರುದಿನವೂ ಚೊಂಬು ಇತ್ತು. ಆಮೇಲೆ ದಿನವೂ ಇತ್ತು. ತೇಪೆಯ ಸೈಕಲ್ಲನ್ನು ನಾನು ಬೇಕೆಂದೇ ನಿಧಾನವಾಗಿ ತುಳಿಯುತ್ತಾ, ಬೀದಿ ತಿರುವಿನಿಂದ ಮನೆಯವರೆಗೆ ಒಂದೊಂದು ಸದ್ದನ್ನೂ ಕೇಳಿಸುತ್ತಾ ಬರತೊಡಗಿದೆ. ಬೆಳ್ಳಿ ಗಾಲಿಯ ಸೈಕಲ್ಲು ಎಣ್ಣೆ ಕುಡಿದು ಕುಡಿದು ಮೂಕವಾಗಿತ್ತು. ರಂಗಣ್ಣ ಯಾವಾಗ ಬಂದ, ಯಾವಾಗ ಹೋದ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಜಗಲಿಯ ಮೇಲೆ ಕೂತು ನನ್ನ ಕಾಲಿಗೆ ಬೀಳುವ ನೀರನ್ನೇ ನೋಡುತ್ತಿದ್ದ. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು, ಅಷ್ಟು ವರ್ಷ ನಾನೇ ಅವನನ್ನು ಹಾಗೆ ನೋಡಿದ್ದೆ. ಒಂದು ಬೆಳಿಗ್ಗೆ ಅವನೇ ಹತ್ತಿರ ಬಂದ.

"ಮಾದೇಸ, ಬದ್ಲು ಮಾಡ್ಕಮನ. ನನ್ ಸೈಕಲ್ ನೀನ್ ತಕ, ನಿಂದ ನಂಗ್ ಕೊಡು."

"ಆಡ್ಕತಿದ್ದೀಯಾ?"

"ಇಲ್ಲ ಕಣ್ಲಾ. ಅವ್ವ ಚೊಂಬು ಮಡುಗ್ತಾಳಲ್ಲ, ಅದು ನಮ್ಮಪ್ಪಂಗೆ. ನಿಂಗಲ್ಲ."

"ಕೊಡಲ್ಲ," ಅಂದೆ. ಯೋಚನೆ ಮಾಡಿ ಹೇಳಿದ ಮಾತಲ್ಲ. ಬೆಳ್ಳಿ ಗಾಲಿಗಾಗಿ ನಾನು ಕನಸಿನಲ್ಲಿ ಅತ್ತಿದ್ದೆ, ಈಗ ಅದು ತಾನಾಗಿ ಕೈಗೆ ಬಂದಿತ್ತು. ಆದರೆ ರಂಗಣ್ಣನಿಗೆ ಬೇಕಾದದ್ದೊಂದು ನನ್ನ ಹತ್ತಿರ ಇದೆ ಎಂಬ ಸುಖವೇ ಬೇರೆ. ಅದನ್ನು ಅಷ್ಟು ಬೇಗ ಬಿಡಲು ನನಗೆ ಮನಸ್ಸಾಗಲಿಲ್ಲ.

ಅವತ್ತೇ ಊಟಕ್ಕೆ ಕೂತಾಗ ರಂಗಣ್ಣ ಮುದ್ದೆ ಮುರಿಯಲಿಲ್ಲ. ಅಪ್ಪ ಎರಡು ಸಲ ಯಾಕೆಂದು ಕೇಳಿದ. ಮೂರನೆಯ ಸಲ ಕೇಳಿದಾಗ ಅವನು ತಟ್ಟೆ ನೋಡುತ್ತಲೇ ಹೇಳಿದ.

"ಚಿಕ್ಕಪ್ಪ, ನೀವು ನಮ್ಮಪ್ಪನ ಸೈಕಲ್ನ ಒಂದೊಂ‌ದೇ ಬಿಚ್ಚಿ ಬಿಚ್ಚಿ ಮಾದೇಸಂಗೆ ಕೊಟ್ಬುಟ್ರಿ. ನಂಗೇನೂ ಉಳಸ್ನಿಲ್ಲ."

ಅಪ್ಪನ ಕೈ ಸಾರಿನ ಬಟ್ಟಲಿನಲ್ಲೇ ನಿಂತಿತು. ಅಪ್ಪ ಯಾರ ಮುಖವನ್ನೂ ನೋಡದೆ ಮಾತಾಡಿದ.

"ನೀನು ತುಳ್ಕಂಡ್ ಬರುವಾಗ ಆ ಸದ್ದು ಕೇಳ್ದಾಗೆಲ್ಲ ಅಣ್ಣ ಬಂದ ಅಂತ ಅಲ್ಗೆ ಮೇಲೆ ಜಾಗ ಬುಟ್ಟು ಕೂತ್ಕತಿದ್ದೆ. ಕೈ ಓಡ್ತಿರ್ನಿಲ್ಲ. ಏನ್ ಬದ್ಲಾಯ್ಸುದ್ರೆ ನಿಲ್ತದೆ ಅಂತ ಗೊತ್ತಾಗ್ನಿಲ್ಲ. ಎಲ್ಲಾನೂ ಬದ್ಲಾಯ್ಸ್ದೆ. ಎಸ್ಯಕ್ಕೂ ಆಗ್ನಿಲ್ಲ. ಜೊತೆ ತಪ್ಪಿದ್ ಮನೇಲಿ..."

"ಒಂಟಿ ಅನ್ನಿ ತಮ್ಮಯ್ಯ," ಅಂದಳು ದೊಡ್ಡವ್ವ. ಅವಳು ಬಾಗಿಲ ಪಕ್ಕದಲ್ಲಿ, ಯಾವಾಗಲೂ ಕೂರುವ ಜಾಗದಲ್ಲಿ ಕೂತಿದ್ದಳು. "ಒಂಟಿ ಅಂದ್ರೆ ನಾನೇನ್ ಸಾಯಕಿಲ್ಲ. ನಾನು ಒಂಟಿಯೇ. ದಿನಾ ಉಣ್ತಾ ಇಲ್ವಾ? ಆ ಮಾತ್ಗೆ ಎದ್ರುಕಂಡು ನೀವು ಎಷ್ಟ್ ಸಾಮಾನು ತಂದು ಸುರೀತೀರಿ?"

ಅಷ್ಟು ವರ್ಷ ಮುಚ್ಚಿಟ್ಟಿದ್ದ ಮಾತು ಸಾರಿನ ಪಾತ್ರೆಯ ಪಕ್ಕದಲ್ಲಿ ಬಂದು ಕೂತಿತು. ಯಾರಿಗೂ ಏನೂ ಆಗಲಿಲ್ಲ. ಅಪ್ಪ ಎಡಗೈಯಿಂದ ಕಣ್ಣು ಒರೆಸಿಕೊಂಡ. ಸೈಕಲ್ ಕೊಡು ಎಂದು ನನಗೆ ಒಬ್ಬರೂ ಹೇಳಲಿಲ್ಲ. ಹೇಳಿದ್ದರೆ ಕೊಡುತ್ತಿರಲಿಲ್ಲವೇನೋ. ನಾನೇ ಎದ್ದು, ಮೊಳೆಗೆ ನೇತುಹಾಕಿದ್ದ ಬೀಗದ ಕೈ ತಂದು ರಂಗಣ್ಣನ ತಟ್ಟೆಯ ಪಕ್ಕಕ್ಕಿಟ್ಟೆ. ಇದನ್ನು ದೊಡ್ಡ ಮನಸ್ಸು ಎಂದು ಯಾರೂ ತಿಳಿಯಬೇಡಿ. ಅಪ್ಪ ಅಳುವುದನ್ನು ನೋಡಲು ಆಗಲಿಲ್ಲ, ಜೊತೆಗೆ ಬೆಳ್ಳಿ ಗಾಲಿಗಳು ಕಣ್ಣ ಮುಂದೆ ತಿರುಗುತ್ತಿದ್ದವು. ಎರಡೂ ನಿಜ.

ಹೀಗೆ ಬೆಳ್ಳಿ ಗಾಲಿಯ ಸೈಕಲ್ಲು ನನ್ನದಾಯಿತು. ಬೀದಿಯ ಹುಡುಗರು ನನ್ನನ್ನು ಬಾಯಿ ಬಿಟ್ಟುಕೊಂಡು ನೋಡಿದರು. ನಾನು ಗ್ರಿಪ್ಪಿನ ಬಣ್ಣದ ಎಳೆಗಳನ್ನು ಗಾಳಿಗೆ ಹಾರಿಸುತ್ತಾ ಎರಡು ಸುತ್ತು ಜಾಸ್ತಿಯೇ ಹೊಡೆದೆ. ಮನೆಗೆ ಬಂದಾಗ ನಾನು ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಟಕ್, ಟಕ್ ಎಂದು ರಂಗಣ್ಣ ಬಂದ, ಚೊಂಬು ಬಂತು. ಇನ್ನೊಂದು ಸಂಗತಿಯೂ ಬರುಬರುತ್ತಾ ತಿಳಿಯಿತು. ಆ ಸೈಕಲ್ಲು ನನ್ನದಾದ ದಿನದಿಂದ ಅಪ್ಪ ಅದಕ್ಕೆ ಒಂದು ಹೊಸ ನಟ್ಟನ್ನೂ ತರಲಿಲ್ಲ. ಅವನ ಹುಚ್ಚು ಬಿಟ್ಟಿತು ಎಂದು ಅವ್ವ ಮಾದಪ್ಪನಿಗೆ ಹರಕೆ ಒಪ್ಪಿಸಿದಳು. ನನ್ನ ಸರದಿ ಬಂದಾಗಲೇ ಬಿಡಬೇಕಿತ್ತೇ ಎಂದು ನಾನು ಮಾದಪ್ಪನ ಮೇಲೂ ಮುನಿಸಿಕೊಂಡೆ. ಅಪ್ಪ ಬಿಡದೆ ಮಾಡಿದ್ದೆಂದರೆ ದುಪ್ಪಟಿ ಹೊದಿಸುವುದೊಂದೇ.

ಅಪ್ಪನನ್ನು ಬಿಟ್ಟ ಹುಚ್ಚು ಎಲ್ಲಿಗೆ ಹೋಯಿತೆಂದು ಹುಡುಕಬೇಕಾಗಿಲ್ಲ. ನಾನು ಬಸ್ ಡಿಪೋದಲ್ಲಿ ಟೈರಿನ ಕೆಲಸಕ್ಕೆ ಸೇರಿದೆ. ಬಸ್ಸಿನ ಹಿಂದೆ ಜೋಡಿ ಗಾಲಿಗೆ ಒಂದೇ ಸಮ ಸವೆದ ಟೈರುಗಳನ್ನು ಹೊಂದಿಸಿ ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಡಿಪೋದವರೇ ಹೇಳುತ್ತಾರೆ. ಮನೆಯ ಸೈಕಲ್ಲಿಗೂ ವರ್ಷ ವರ್ಷ ಏನಾದರೊಂದು ಬದಲಾಯಿಸುತ್ತಲೇ ಬಂದಿದ್ದೇನೆ. ಪೆಡಲ್ಲು, ಚೈನು, ಸೀಟು, ಮುಂದಿನದಕ್ಕೆ ಹೊಂದುವಂತೆ ಹಿಂದಿನ ರಿಮ್ಮು. ಹೆಂಡತಿ ಬೈಯುತ್ತಾಳೆ, ಮಕ್ಕಳು ನಗುತ್ತಾರೆ. ಮುಂದಿನ ಗಾಲಿಯೊಂದನ್ನು ಮಾತ್ರ ಮುಟ್ಟಿಲ್ಲ. ಈಗಿನ ಮೆಕ್ಯಾನಿಕ್ ಹುಡುಗರು ಅದನ್ನು ನೋಡಿ, ಇದ್ಯಾರು ಸಾ ಮುಂದಕ್ಕೆ ನಲವತ್ತು ಕಡ್ಡಿ ಕಟ್ದೋರು ಎಂದು ಕೇಳುತ್ತಾರೆ. ಕೇಳಲಿ ಎಂದೇ ನಾನು ಅದನ್ನು ಅಂಗಡಿಯಿಂದ ಅಂಗಡಿಗೆ ತೆಗೆದುಕೊಂಡು ಹೋಗುತ್ತೇನೆ. ಸೈಕಲ್ ತುಳಿಯಲು ಬಾರದ ಅಪ್ಪ ಈ ಲೋಕದಲ್ಲಿ ಬಿಟ್ಟುಹೋದ ಗುರುತು ಅದು. ಸೀರೆಗಳೆಲ್ಲ ಯಾರ್ಯಾರ ಬೀರುವಿಗೋ ಸೇರಿಹೋದವು. ತಪ್ಪೊಂದು ನಮ್ಮ ಜಗಲಿಯಲ್ಲಿ ಉಳಿಯಿತು.

ಅಪ್ಪನ ವರ್ಷದ ತಿಥಿಗೆ ರಂಗಣ್ಣ ಯಳಂದೂರಿನಿಂದ ಬಂದಿದ್ದ. ಅಲ್ಲೇ ಸರ್ಕಾರಿ ಕೆಲಸ ಮಾಡಿ ಈಗ ನಿವೃತ್ತಿಯಾಗಿದ್ದಾನೆ. ದೊಡ್ಡವ್ವ ಕೊನೆಯವರೆಗೂ ಅವನ ಹತ್ತಿರವೇ ಇದ್ದಳು. ದೊಡ್ಡಪ್ಪನ ಸೈಕಲ್ಲು ಈಗಲೂ ಅವನ ಮನೆಯಲ್ಲಿ ಟಕ್ ಅನ್ನುತ್ತದೆ. ಊಟವಾದ ಮೇಲೆ ಅವನು ಜಗಲಿಗೆ ಬಂದು, ದುಪ್ಪಟಿ ಸರಿಸಿ, ಮುಂದಿನ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಹೆಬ್ಬೆರಳಿನಿಂದ ಒಂದೊಂದೇ ಕಡ್ಡಿ ಮೀಟುತ್ತಾ ಎಣಿಸಿದ. ಅಪ್ಪ ಮೀಟುತ್ತಿದ್ದ ಹಾಗೆಯೇ. ನನ್ನ ಮಗನಿಗೂ ಆ ಕೈ ಬಂದಿಲ್ಲ, ಇವನಿಗೆ ಬಂದಿದೆ ಎಂದು ಈ ವಯಸ್ಸಿನಲ್ಲೂ ನನಗೆ ಹೊಟ್ಟೆಕಿಚ್ಚಾಯಿತು.

"ಮಾದೇಸ, ಈ ಗಾಲಿ ನಂಗ್ ಕೊಡ್ತೀಯಾ? ಇದೊಂದು ಸಾಕು. ಚಿಕ್ಕಪ್ಪ ನಂಗೇ ಅಂತ ಮಾಡ್ಸಿದ್ದು."

ಹೌದು, ಅವನಿಗೇ ಮಾಡಿಸಿದ್ದು. ಅವನ ಅಪ್ಪನ ಸೈಕಲ್ಲು ಅವನ ಹತ್ತಿರ ಇದೆ. ಈಗ ನನ್ನ ಅಪ್ಪನದೂ ಬೇಕು, ಕೇಳುವುದಕ್ಕೆ ಹಕ್ಕೂ ಇದೆ. ಆದರೆ ನನ್ನ ಬಾಯಿಂದ ಅಪ್ಪನ ಮಾತೇ ಹೊರಟಿತು.

"ಆಗಲ್ಲ ಕಣಣ್ಣ. ಇದ ತಕಂಡೋದ್ರೆ ಇಂದ್ಲುದು ಜೊತೆ ತಪ್ತದೆ."

ರಂಗಣ್ಣ ನನ್ನ ಮುಖ ನೋಡಿದ. ಮೊದಲು ನಕ್ಕ, ಆಮೇಲೆ ಕಣ್ಣು ಒರೆಸಿಕೊಂಡ, ಎಡಗೈಯಿಂದ. ಅವನು ದುಪ್ಪಟಿಯ ಒಂದು ತುದಿ ಹಿಡಿದ, ನಾನು ಇನ್ನೊಂದು ತುದಿ ಹಿಡಿದೆ. ಸೈಕಲ್ಲಿಗೆ ಹೊದಿಸುವಾಗ ನನ್ನ ಕಡೆಗೆ ಸ್ವಲ್ಪ ಜಾಸ್ತಿಯೇ ಎಳೆದುಕೊಂಡೆ.